ಮೊಮ್ಮಗಳು ಕೇಜಿಗೆ ತಯಾರ ಅದಾಳೋ ಇಲ್ಲೋ

ಕೂಸು ಕೇಜಿಗೆ ತಯಾರ ಐತೋ ಇಲ್ಲೋ ಅಂತ ನೋಡಾಕ ಈಗ ಸಾಲ್ಯಾಗ ಒಂದು ಕಾಗದ ಇರತೈತಿ. ಒಂದರ ಕೆಳಗ ಒಂದು ಸಾಲು, ಸಾಲಿನ ತುದಿಗೆ ಒಂದು ಸಣ್ಣ ಚೌಕ. ಬಂದ್ರ ಟಿಕ್ಕು, ಬರಲಿಲ್ಲಂದ್ರ ಅಡ್ಡ ಗೀಟು. ನಮ್ಮ ಮೊಮ್ಮಗಳದ್ದು ಮೊದಲ ಸಲ ಮನಿಗೆ ಬಂದಾಗ ನನ್ನ ಮಗ ಚಹಾ ಕುಡಿಕೋತ ಓದಿ ಹೇಳಿದ. ತನ್ನ ಹೆಸರು ಹೇಳಬೇಕು. ಬಣ್ಣ ಗುರುತಿಸಬೇಕು. ಹತ್ತರ ತನಕ ಎಣಿಸಬೇಕು. ಡಬ್ಬಿ ಮುಚ್ಚಳ ತಾನ ತೆಗೀಬೇಕು. ಒಂದಕ್ಕ ಬಂದ್ರ ಹೇಳಬೇಕು. ಚಪ್ಪಲಿ ಜೋಡಿಸಿ ಬಿಡಬೇಕು. ಹಳೂಕ ಮಾತಾಡಬೇಕು. ಒಮ್ಮೆಗೆ ಎರಡು ಕೆಲಸ ಹೇಳಿದ್ರ ಎರಡೂ ನೆನಪಿಟ್ಟು ಮಾಡಬೇಕು. ಮನಿಯವರು ಬಿಟ್ಟು ಹೋದ್ರ ಅಳಬಾರದು.

ನಿನಗೇ ಎರಡು ಕೆಲಸ ನೆನಪಿರೂದಿಲ್ಲಲ್ಲೋ ಅಂದೆ ನಾನು. ಕೊತ್ತಂಬರಿ ಮತ್ತ ಕಡ್ಡಿಪೆಟಗಿ ತಾ ಅಂದ್ರ ಕಡ್ಡಿಪೆಟಗಿ ಒಂದ ಹಿಡಕೊಂಡು ಬರ್ತಿ, ನಿನ್ನ ಯಾವ ಕೇಜಿಗೆ ಹಾಕೂದು. ಖರೇನ ಹೇಳಬೇಕಂದ್ರ ಆ ಕಾಗದ ಹಿಡದು ನೋಡಿದ್ರ ನಮ್ಮ ಓಣಿ ಗಂಡಸರು ಅರ್ಧ ಮಂದಿ ಇನ್ನೂ ಅಂಗನವಾಡ್ಯಾಗ ಕೂಡಬೇಕು. ಚಪ್ಪಲಿ ಸಾಲು ಒಂದಕ್ಕೇ ನಾಪಾಸ ಆಗ್ತಾರ.

ನಮ್ಮ ಕಾಲದಾಗ ಇಷ್ಟೆಲ್ಲಾ ಇರಲಿಲ್ಲ. ನನ್ನ ತವರುಮನಿ ಗಡಹಿಂಗ್ಲಜ ಹತ್ತೇಕ ಒಂದು ಸಣ್ಣ ಊರು, ಕುರಿ ಸಾಕೂ ಮಂದಿ ನಾವು. ಅಲ್ಲಿ ಕನ್ನಡ ಸಾಲಿ ಮಾಸ್ತರ ಹುಡುಗರನ್ನ ಸಾಲಾಗಿ ನಿಲ್ಲಿಸಿ, ಬಲಗೈ ತಲಿ ಮ್ಯಾಲಿಂದ ದಾಟಿಸಿ ಎಡಗಿವಿ ಮುಟ್ರಿ ಅನ್ನಾಂವ. ಮುಟ್ಟಿದ್ರ ಸಾಲಿ ಒಳಗ, ಮುಟ್ಟಲಿಲ್ಲಂದ್ರ ಕುರಿ ಹಿಂದ. ನನ್ನ ಕೈ ಮೋಟು. ಎರಡು ವರ್ಷ ಮುಟ್ಟಲೇ ಇಲ್ಲ. ಮೂರನೇ ವರ್ಷ ಮುಟ್ಟಿತು, ಒಳಗ ಹೋದೆ, ಮೂರನೆತ್ತೆ ಮುಗಿಯೂದ್ರಾಗ ಅಪ್ಪ ಬಿಡಿಸಿದ. ಕಲಿತದ್ದು ಅಷ್ಟ. ಮರಾಠಿ ಅಕ್ಷರ ಆಮ್ಯಾಲ ಬಸ್ಸಿನ ಪಾಟಿ ನೋಡಿ ನೋಡಿ ಬಂದಾವ. ಒಂದೊಂದ ಅಕ್ಷರ ಕೂಡಿಸಿ ಊರ ಹೆಸರು ಓದಿ ಮುಗಿಸೂದ್ರಾಗ ಬಸ್ಸು ಹೋಗಿರತಿತ್ತು.

ಮದವಿ ಆಗಿ ಬಂದದ್ದು ಕೊರೋಚಿಗೆ. ಇಚಲಕರಂಜಿಗೆ ಹತ್ತಿದ ಊರು, ಮನಿಗೊಂದು ಮಗ್ಗದ ಶೆಡ್ಡು. ನಮ್ಮ ಎರಡು ಖೋಲಿ ಶೆಡ್ಡಿನ ಹಿಂದ, ನಡುವ ಒಂದು ತಗಡಿನ ಪತ್ರಾದ ಗೋಡಿ. ಮುಂದ ಶೇಟನ ಕರೆಂಟಿನ ಮಗ್ಗ ಎಂಟು. ಮಗ್ಗದ ಧೋಟ್ಯಾಗ, ಅಂದ್ರ ಲಾಳ್ಯಾಗ, ಇಡಾಕ ನೂಲಿನ ಕಾಂಡಿ ಬೇಕು, ಆ ಕಾಂಡಿ ಸುತ್ತೂ ಮಶೀನು ಮೂಲ್ಯಾಗ. ಆ ಮಶೀನಿನ ಮುಂದ ನಾ ಮೂವತ್ತು ವರ್ಷದ ಮ್ಯಾಲ ನಿಂತೇನಿ. ಈಗ ಸೊಸಿ ನಿಂದರತಾಳ. ಮಗ ಮಗ್ಗ ನೋಡತಾನ.

ಶೆಡ್ಡಿನಾಗ ಬಾಯಿಲೆ ಮಾತಾಡಿದ್ರ ನಿಮ್ಮ ಮಾತು ನಿಮಗ ಕೇಳೂದಿಲ್ಲ. ಅದಕ್ಕ ನಾವು ಕೈಲೆ ಮಾತಾಡತೇವಿ. ಎರಡು ಬೆರಳು ಕತ್ತರಿ ಮಾಡಿದ್ರ ನೂಲು ಹರೀತು. ಹೆಬ್ಬೆರಳು ತುಟಿಗೆ ಹಚ್ಚಿದ್ರ ಚಹಾ. ಮೂಗಿನ ಮ್ಯಾಲ ಚಸ್ಮಾ ಸರಿಸಿದಂಗ ಮಾಡಿದ್ರ ಶೇಟ ಬಂದಾನ, ಕೆಲಸ ಮಾಡ್ರಿ. ಎರಡೂ ಹೆಗಲ ಮ್ಯಾಲಿನ ಹತ್ತಿ ಜಾಡಿಸಿದ್ರ ಪಾಳಿ ಮುಗೀತು, ಮನಿಗೆ ನಡೀರಿ. ಬಣ್ಣಕ್ಕ ಸುದ್ದ ಕೈ ಐತಿ, ಯಾಕಂದ್ರ ನೂಲಿನ ಬಣ್ಣ ತಪ್ಪಿದ್ರ ಇಡೀ ಅರಬಿ ಥಾನ ಕೆಡತೈತಿ. ಹಣಿ ಮುಟ್ಟಿದ್ರ ಕುಂಕುಮ, ಕೆಂಪು. ಗಲ್ಲ ತಿಕ್ಕಿದ್ರ ಅರಿಶಿಣ, ಹಳದಿ. ಬಳಿ ಮುಟ್ಟಿದ್ರ ಹಸರು, ಕೂದಲ ಮುಟ್ಟಿದ್ರ ಕರಿ, ಹಲ್ಲ ಮುಟ್ಟಿದ್ರ ಬಿಳಿ. ಉಳಿದದ್ದು ತುಟಿ ನೋಡಿ ತಿಳಕೊಳ್ಳೂದು. ಸೊಲ್ಲಾಪುರದಾಂವ ಬರ್ಲಿ, ಬಿಹಾರದಾಂವ ಬರ್ಲಿ, ಎಂಟು ದಿನದಾಗ ಕಲಿತಾನ. ಕೈಗೆ ಮರಾಠಿ ಬ್ಯಾರೆ, ಕನ್ನಡ ಬ್ಯಾರೆ ಅಂತ ಇಲ್ಲ.

ಮೊಮ್ಮಗಳು ಹುಟ್ಟಿ ಮೂರು ತಿಂಗಳಿಗೆ ಸೊಸಿ ಮಶೀನಿಗೆ ಹೋದ್ಲು. ಅವತ್ತಿಂದ ಕೂಸು ನನ್ನ ಕಡೆ. ಶೆಡ್ಡಿನ ಮೂಲ್ಯಾಗ ಜೋಳಗಿ ಕಟ್ಟಿ ತೂಗಿದೆ, ನೆಲಕ್ಕ ಬಿಟ್ಟ ಮ್ಯಾಲ ಹಿಂದಿನ ಖೋಲ್ಯಾಗ ಇಟಗೊಂಡೆ. ನಕ್ಕಳು, ಅತ್ತಳು, ನೀರು ಬಾ ಹೋಗು ಅಂತ ನಾಕು ಮಾತು ಆಡಿದಳು. ಕರೆಂಟ ಹೋದಾಗ ಟೀವಿ ಹಾಡು ಗುಣಗತಾಳ ಅಂತ ಮಗ ಹೇಳತಿದ್ದ. ನನ್ನ ಮುಂದ ಮಾತ್ರ ಎಲ್ಲಾ ಕೈಲೆ. ಮತ್ತ ದಿನಕ್ಕ ಹತ್ತು ತಾಸು ಅಕಿ ಮುಂದ ಇದ್ದಾಕಿ ನಾನ. ಅಂಗನವಾಡಿಗೆ ಎರಡು ತಾಸು ಹೋಗತಿದ್ಲು. ಅಲ್ಲಿಯ ಟೀಚರ ಬಾಯಿ ಭಾಳ ಹೊಗಳತಿದ್ಲು. ಎಷ್ಟು ಶಾಣ್ಯಾ ಕೂಸ್ರಿ ನಿಮ್ದು, ಒಂದ ದಿನ ಗದ್ದಲ ಹಾಕಿಲ್ಲ ಅಂತ. ನಾವೂ ಹಿಗ್ಗಿ ಹೀರಿಕಾಯಿ ಆಗಿದ್ವಿ.

ಎಪ್ರಿಲದಾಗ ಇಚಲಕರಂಜಿ ಸಾಲ್ಯಾಗ ಕೇಜಿಗೆ ತಪಾಸಣಿ ಅಂತ ಕರದ್ರು. ಮಗಗ ಸೊಸಿಗೆ ಪಾಳಿ ಬಿಡಾಕ ಆಗಲಿಲ್ಲ. ಮದವಿಗೆ ಉಡೂ ಸೀರಿ ಉಟಗೊಂಡು ನಾ ಕರಕೊಂಡು ಹೋದೆ. ಖೋಲಿ ಚೊಕ್ಕ ಇತ್ತು, ಗೋಡಿಗೆ ಹಣ್ಣು ಹಂಪಲದ ಚಿತ್ರ. ಮ್ಯಾಡಮ್ಮು ಸಣ್ಣ ವಯಸ್ಸಿನಾಕಿ, ನಡು ಬಗ್ಗಿಸಿ ಕೂಸಿನ ಕೈ ಹಿಡದು ಪುಟಾಣಿ ಖುರ್ಚಿ ಮ್ಯಾಲ ಕುಂಡ್ರಿಸಿದಳು. ನನ್ನ ಬಾಗಲ ಹತ್ತೇಕ ಬಾಕಿನ ಮ್ಯಾಲ ಕುಂಡ್ರಿಸಿದ್ರು. ಕೂಸಿನ ಬೆನ್ನು ನನ್ನ ಕಡೆ. ಮ್ಯಾಡಮ್ಮು ಒಂದೊಂದ ಕಾರ್ಡು ತನ್ನ ಮುಖದ ಮುಂದ ಹಿಡೀತಿದ್ಲು, ಆಮ್ಯಾಲ ಕೆಳಗಿಟ್ಟು ಕಾಗದದ ಮ್ಯಾಲ ಗೀಟು ಹೊಡೀತಿದ್ಲು. ಕೂಸಿನ ಮೊಣಕೈ ಅಲ್ಲಾಡೂದು ಅಷ್ಟ ನನಗ ಕಾಣಿಸ್ತಿತ್ತು. ಒಮ್ಮೆ ಮ್ಯಾಡಮ್ಮು ತನ್ನ ರುಮಾಲು ತಗದು ಕೂಸಿನ ಮೂಗು ಒರಿಸಿದಳು. ಮನ್ಯಾಗಿಂದ ಮೂಗು ಒರಿಸೇ ಕರಕೊಂಡ ಬಂದೇನಿ, ಇಕಿಗೇನಾಗೇತಿ ಅಂದುಕೊಂಡೆ.

ಕಡೀಕ ಮ್ಯಾಡಮ್ಮು ನನ್ನ ಹತ್ತೇಕ ಬಂದು ಏನೇನೋ ಹೇಳಿದಳು. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಸಾಲಿ ಕಲಿತವರು ಬಾಯಾಗ ಅಡಕಿ ಇಟಗೊಂಡಂಗ ಮಾತಾಡತಾರ ಅಂತ ನಾ ಮೊದಲಿಂದ ತಿಳಕೊಂಡಾಕಿ, ಹಂಗಾಗಿ ಹೂಂ ಹೂಂ ಅಂತ ತಲಿ ಹಾಕಿ ಬಂದೆ. ಕಾಗದ ಮಗ ಓದಿದ. ಎಲ್ಲಾ ಚೌಕದಾಗೂ ಅಡ್ಡ ಗೀಟು, ಡಬ್ಬಿ ಮತ್ತ ಚಪ್ಪಲಿ ಎರಡಕ್ಕ ಮಾತ್ರ ಟಿಕ್ಕು. ಕೆಳಗ ಬರದಿದ್ರು, ಯಾವ ಪ್ರಶ್ನೆಗೂ ಉತ್ತರ ಕೊಡೂದಿಲ್ಲ, ಕಿವಿ ತೋರಿಸ್ರಿ, ಈ ವರ್ಷ ತಯಾರ ಇಲ್ಲ, ಇನ್ನೊಂದು ವರ್ಷ ಅಂಗನವಾಡ್ಯಾಗ ಇರ್ಲಿ.

ಮರುದಿನ ಶೆಡ್ಡಿನಾಗ ಸೊಸಿ ನನ್ನ ಕೂಡ ಜಗಳಾ ತಗದಳು. ಜಗಳಾ ಅಂದ್ರ ಕೈಲೆ. ಅಕಿ ಮಶೀನಿನ ಆ ಕಡೆ, ನಾ ಈ ಕಡೆ. ನೀವು ಬರೇ ತಿನಿಸಿದ್ರಿ, ಮಲಗಿಸಿದ್ರಿ, ಏನ ಕಲಿಸಿದ್ರಿ ಅಂತ ಅಕಿ ಕೈ ಬೀಸಿದಳು. ನಿನ್ನ ಗಂಡನ್ನ ದೊಡ್ಡಾಂವನ್ನ ಮಾಡಿದಾಕಿ ನಾನು ಅಂತ ನಾ ಬೀಸಿದೆ. ಮಾಡಿದ್ದು ನೋಡೇನಿ ಅಂತ ಅಕಿ. ಮಗ್ಗದ ಮುಂದ ನಿಂತ ಮಂದಿ ನೂಲು ಹರದದ್ದು ಬಿಟ್ಟು ನಮ್ಮ ಕೈ ನೋಡಾಕ ನಿಂತ್ರು. ಆವಾಗ ಅಕಿ ಒಂದು ಕೆಲಸ ಮಾಡಿದಳು, ನಾ ಮೂವತ್ತು ವರ್ಷದಾಗ ಮಾಡಲಾರದ್ದು. ಪಾಳಿ ನಡುವ ಮಶೀನು ಬಂದ ಮಾಡಿದಳು. ನನ್ನ ರಟ್ಟಿ ಹಿಡದು ಹಿಂದಿನ ಖೋಲಿಗೆ ಕರಕೊಂಡು ಹೋಗಿ, ಮುಖಕ್ಕ ಮುಖ ಕೊಟ್ಟು ಬಾಯಿಲೆ ಹೇಳಿದಳು.

"ಅತ್ತಿ, ನನ್ನೂ ಪಯಲಿ ವರ್ಗದಾಗ, ಒಂದನೆತ್ತ್ಯಾಗ, ಎರಡು ವರ್ಷ ಕುಂಡ್ರಿಸಿದ್ರು. ಮೊದಲ ವರ್ಷ ಸಣ್ಣಾಕಿ ಅಂದ್ರು, ಎರಡನೇ ವರ್ಷ ದಡ್ಡಿ ಅಂದ್ರು. ದಡ್ಡಿ ಅಂದ ಮ್ಯಾಲ ಮುಂದ ಏನೈತಿ? ಕಾಂಡಿ. ನನ್ನ ಮಗಳು ಕಾಂಡಿ ಸುತ್ತಬಾರದು."

ಕಾಂಡಿ ಸುತ್ತಿದಾಕಿ ನಾನೂ ಹೌದು. ಊಟಕ್ಕ ಕಡಿಮಿ ಆಗಿಲ್ಲ, ಆದ್ರ ಮೊಮ್ಮಗಳು ಸುತ್ತಲಿ ಅಂತ ನನಗೂ ಅನಿಸಿದ್ದಿಲ್ಲ. ನಾಳೆ ಕೊಲ್ಲಾಪುರಕ್ಕ ಹೋಗ್ತೇನಿ, ಕಿವಿ ತೋರಿಸ್ತೇನಿ ಅಂದೆ. ಅಕಿ ಹೋಗಿ ಮಶೀನು ಚಾಲೂ ಮಾಡಿದಳು.

ಕೊಲ್ಲಾಪುರದ ದೊಡ್ಡ ದವಾಖಾನ್ಯಾಗ ಕಿವಿ ನೋಡಾಕ ಒಂದು ಖೋಲಿ ಮಾಡ್ಯಾರ. ಗೋಡಿಗೆಲ್ಲಾ ಗಾದಿ ಬಡದಾರ. ಒಳಗ ಹೋಗಿ ಬಾಗಲಾ ಹಾಕಿದ್ರ ನಿಮ್ಮ ಉಸರು ನಿಮಗ ಕೇಳತೈತಿ ಅಂತಾರ, ನನಗೇನ ಕೇಳಲಿಲ್ಲ. ಡಾಕ್ಟರ ಹರೇದಾಂವ, ನಗಿಮುಖದಾಂವ. ಕೂಸಿನ ಕಿವಿಗೆ ಎರಡು ಬಟ್ಟಲದಂಥಾವು ಹಾಕಿ, ಕೈಯಾಗ ಗೋಲಿ ಕೊಟ್ಟು, ಪೀ ಅಂತ ಸಪ್ಪಳ ಬಂದ್ರ ಒಂದು ಗೋಲಿ ಡಬ್ಬ್ಯಾಗ ಹಾಕು ಅಂದ. ಕೂಸು ಗೋಲಿ ಹಾಕಾಕ ಶುರು ಮಾಡಿತು. ಹಾಕಿತು, ಹಾಕಿತು, ಒಂದೂ ಉಳೀಲಿಲ್ಲ. ಆಮ್ಯಾಲ ಕೈ ಮುಂದ ಮಾಡಿ ಇನ್ನ ಗೋಲಿ ತಾ ಅಂತ ಕೇಳಿತು.

ಡಾಕ್ಟರ ಕಾಗದ ಬರಕೋತ, ತಲಿ ತಗ್ಗಿಸಿಕೊಂಡ ನನಗ ಏನೋ ಕೇಳಿದ. ನಾ ಏನ್ರಿ ಅಂದೆ. ಮತ್ತ ಕೇಳಿದ, ಮತ್ತ ಏನ್ರಿ ಅಂದೆ. ಆವಾಗ ಕೂಸು ನನ್ನ ಸೀರಿ ಸೆರಗು ಜಗ್ಗಿತು. ಎರಡೂ ಕೈ ಜೋಳಗಿ ತೂಗಿದಂಗ ತೂಗಿತು, ಆಮ್ಯಾಲ ನನ್ನ ಕಡೆ ಬೆರಳು ಮಾಡಿತು. ಕೂಸು ಇದ್ದಾಗಿಂದ ಇಕಿನ್ನ ನೋಡಕೊಂಡಾಕಿ ನೀನ ಏನು ಅಂತ ಕೇಳಾಕತ್ತಾರ ಅಂತ ಅದರ ಅರ್ಥ. ನಾ ಹೌದ್ರಿ, ನಾನ ನೋಡಕೊಂಡೇನಿ ಅಂದೆ. ಡಾಕ್ಟರ ತಲಿ ಎತ್ತಿದ. ಕೂಸಿನ್ನ ನೋಡಿದ, ನನ್ನ ನೋಡಿದ. ಒಂದು ಕಾಗದ ತನ್ನ ಬಾಯಿಗೆ ಅಡ್ಡ ಹಿಡದು ಮತ್ತೇನೋ ಕೇಳಿದ. ನಾ ಕೂಸಿನ ಕಡೆ ನೋಡಿದೆ. ಕೂಸು ಹೆಬ್ಬೆರಳು ತುಟಿಗೆ ಹಚ್ಚಿತು. ಚಹಾ ಆಗಿಲ್ರಿ ಇನ್ನೂ ಅಂದೆ.

ಅಂವ ಎದ್ದು ಬಂದು ಆ ಬಟ್ಟಲ ನನ್ನ ಕಿವಿಗೆ ಹಾಕಿದ. ನನಗ್ಯಾಕ ಅಂತ ಕೇಳಿದೆ, ಸುಮ್ನ ಕುಂದ್ರಿ ಅಂದ. ಗೋಲಿ ಹಿಡಕೊಂಡು ಕುಂತೆ. ಬಹಳ ಹೊತ್ತು ಕುಂತೆ. ಮಶೀನು ಕೆಟ್ಟಿರಬೇಕು ಅಂದುಕೊಂಡೆ. ಕಡೀಕ ಎಲ್ಲೋ ದೂರ ಒಂದು ಗುಂಗಾಡ ಹಾರಿದಂಗ ಆತು, ಒಂದು ಗೋಲಿ ಹಾಕಿದೆ. ಅಂವ ನನ್ನ ಮುಂದ ಕುಂತು, ನನಗ ತುಟಿ ಕಾಣೂವಂಗ ಹಳೂಕ ಹೇಳಿದ.

"ಆಜಿ, ಕೂಸಿನ ಕಿವಿ ಬಂಗಾರದಂಗ ಅದಾವ. ಕಿವಿ ಹೋಗಿದ್ದು ನಿಮ್ದು. ಮಗ್ಗದ ಸಪ್ಪಳ ತಿಂದೈತಿ."

ನಾ ಒಪ್ಪಲಿಲ್ಲ. ಮೂವತ್ತು ವರ್ಷ ಶೆಡ್ಡಿನಾಗ ಎಲ್ಲಾರ ಕೂಡ ಮಾತಾಡೇನಿ, ಯಾರದೂ ತಿಳೀದಂಗ ಆಗಿಲ್ಲ ಅಂದೆ. ಅವರೆಲ್ಲಾ ಕೈಲೆ ಮಾತಾಡ್ಯಾರಲ್ಲ ಅಂದ. ಬ್ಯಾರೆ ಊರಾಗ ಇದ್ದಿದ್ರ ಕಿವಿ ಹೋದದ್ದು ಎಂಟು ದಿನಕ್ಕ ಗೊತ್ತಾಗ್ತಿತ್ತು. ನಮ್ಮಲ್ಲಿ ಕಿವುಡು ಬಂದ್ರ ಗೊತ್ತಾಗೂದರ ಹ್ಯಾಂಗ? ನಾನು ಹಿಂಗ ಎಷ್ಟು ವರ್ಷದಿಂದ ಅದೇನಿ ದೇವರಿಗೆ ಗೊತ್ತು. ಕೂಸಿಗೆ ಮಾತ್ರ ಗೊತ್ತಿತ್ತು. ಈ ಮುದುಕಿಗೆ ಬಾಯಿಲೆ ಹೇಳಿದ್ರ ರೊಟ್ಟಿ ಸಿಗೂದಿಲ್ಲ, ಕೈಲೆ ಹೇಳಿದ್ರ ಸಿಗತೈತಿ ಅಂತ ಅದು ತೆವಳೂವಾಗ ಕಲತೈತಿ. ಹಂಗ ನೋಡಿದ್ರ ಶಾಣ್ಯಾತನದ ಟಿಕ್ಕು ಅದಕ್ಕ ಆವಾಗ ಹಾಕಬೇಕಿತ್ತು.

ತಿರಗಿ ಬರೂವಾಗ ಬಸ್ಸಿನ್ಯಾಗ ಕೂಸಿಗೆ ಕೇಳಿದೆ. ಅವತ್ತ ಆ ಮ್ಯಾಡಮ್ಮು ಏನ ಕೇಳಿದಳು, ನೀ ಏನ ಹೇಳಿದಿ? ಕೂಸು ಎಲ್ಲಾ ಮಾಡಿ ತೋರಿಸಿತು. ಕೆಂಪು ಕಾರ್ಡಿಗೆ ಹಣಿ ಮುಟ್ಟೇತಿ. ಹಳದಿಗೆ ಗಲ್ಲ ತಿಕ್ಕೇತಿ. ಹಸರಿಗೆ ಬಳಿ. ಮನ್ಯಾಗ ಎಷ್ಟು ಮಂದಿ ಅಂದ್ರ ನಾಕು ಬೆರಳು, ಹತ್ತರ ತನಕ ಎಣಿಸಂದ್ರ ಮಡಚಿದ ಬೆರಳು ಒಂದೊಂದ ಬಿಚ್ಚೇತಿ. ಹೆಸರು ಕೇಳಿದ್ರ ಮೂಗಿನ ತುದಿ ಎರಡು ಸಲ ಬಡಕೊಂಡೈತಿ, ಯಾಕಂದ್ರ ಶೆಡ್ಡಿನಾಗ ಅಕಿ ಹೆಸರು ಅದ, ಮೂಗಿನ ತುದಿಗೆ ಮಚ್ಚಿ ಐತಿ ಅಂತ ನಾವೆಲ್ಲಾ ಹಂಗ ಕರಿತೇವಿ. ಅದಕ್ಕ ಆ ಮ್ಯಾಡಮ್ಮು ಮೂಗು ಒರಿಸಿದ್ಲು! ಒಂದೂ ಪ್ರಶ್ನೆ ಬಿಟ್ಟಿಲ್ಲ ಇದು. ಕೇಳಿದ್ದಕ್ಕೆಲ್ಲಾ ಹೇಳೇತಿ, ಹೊರಗಿನವರಿಗೂ ನನಗ ಹೇಳಿದಂಗ ಕೈಲೇ ಹೇಳಬೇಕು ಅಂತ ತಿಳಕೊಂಡು. ನಾ ಬೆನ್ನಿನ ಹಿಂದ ಕುಂತು ಮೊಣಕೈ ನೋಡಕೋತ ಕುಂತಿದ್ದೆ.

ಬಸ್ಸಿನ ಖಟಾರಾ ಸಪ್ಪಳದಾಗ ನಾವಿಬ್ಬರೂ ಹಿಂಗ ಕೈ ಬೀಸೂದು ನೋಡಿ ಕಂಡಕ್ಟರ ಇಬ್ಬರೂ ಮೂಕರು ಅಂತ ತಿಳಕೊಂಡ. ಹಾತಕಣಂಗಲಿ ಬಂದಾಗ ನನ್ನ ಭುಜ ಮುಟ್ಟಿ, ಎಲ್ಲಿ ಇಳಿಯೂದು ಅಂತ ಕೈಲೆ ಕೇಳಿದ. ನಾ ಬಾಯಿಲೆ ಕೊರೋಚಿ ಅಂದೆ. ಅಂವ ಎರಡು ಹೆಜ್ಜಿ ಹಿಂದ ಸರದ.

ಸೊಸಿಗೆ ಹೇಳಿದಾಗ ಮೊದಲ ನಕ್ಕಳು, ಭಾಳ ನಕ್ಕಳು. ಮರುದಿನ ಇಬ್ಬರೂ ಕೂಡಿ ಸಾಲಿಗೆ ಹೋದ್ವಿ. ಮ್ಯಾಡಮ್ಮಿಗೆ ಸೊಸಿ ಎಲ್ಲಾ ತಿಳಿಸಿ ಹೇಳಿದಳು. ನಂಬಲಿಲ್ಲ ಅಂತ ಅಕಿ ಮುಖಾನ ಹೇಳತಿತ್ತು. ಆದ್ರ ಕಾರ್ಡು ತಗದಳು. ಈ ಸಲ ನಾ ಎದರಿಗೆ ಕುಂತೆ. ಅಕಿ ಕಾರ್ಡು ಎತ್ತೂದು, ಕೂಸು ಕೈ ಮಾಡೂದು, ನಾ ಬಾಯಿಲೆ ಹೇಳೂದು. ಕುಂಕುಮ, ಕೆಂಪು. ಅರಿಶಿಣ, ಹಳದಿ. ಮೂಗು ಬಡಕೊಂಡಾಗ ಇದು ಅಕಿ ಹೆಸರ್ರಿ, ರುಮಾಲು ಬ್ಯಾಡ ಅಂದೆ. ಮ್ಯಾಡಮ್ಮು ನಾವು ತಂದ ಹಳೇ ಕಾಗದ ತಗೊಂಡಳು. ರಬ್ಬರ ತಗದು ಗೀಟು ಒಂದೊಂದ ಅಳಿಸಿದಳು. ತಪ್ಪು ಆತು ಅಂತ ಬಾಯಿ ಬಿಟ್ಟು ಅನಲಿಲ್ಲ, ಅನ್ನೂದೂ ಬ್ಯಾಡ, ಅಳಿಸಿದ್ದು ಸಾಕು.

ಆದ್ರ ಒಂದು ಮಾತು ಹೇಳಿದಳು, ಅದೂ ಖರೇನ ಇತ್ತು. ವರ್ಗದಾಗ ಮೂವತ್ತೈದು ಹುಡುಗರು. ನಾ ಕರಿ ಹಲಗಿ ಕಡೆ ಮುಖಾ ಮಾಡಿರ್ತೇನಿ. ಇಕಿಗೆ ಒಂದಕ್ಕ ಬಂದ್ರ, ಯಾರರ ದೂಡಿದ್ರ, ಬಾಯಿಲೆ ಕರೀಲಿಲ್ಲಂದ್ರ ನನಗ ಹ್ಯಾಂಗ ತಿಳೀಬೇಕು? ಬುದ್ಧಿ ತಯಾರ ಐತಿ, ಬಾಯಿ ತಯಾರ ಇಲ್ಲ. ಜೂನದಾಗ ಮತ್ತೊಮ್ಮೆ ಕರಕೊಂಡು ಬರ್ರಿ, ಬಾಯಿಲೆ ಹೇಳಿದ್ರ ತಗೋತೇನಿ. ಆತ್ರಿ ಅಂದ್ವಿ. ಕೈಯಾಗ ಇದ್ದದ್ದು ಒಂದೂವರಿ ತಿಂಗಳು.

ಮನ್ಯಾಗ ಇಟ್ರ ಆಗೂದಿಲ್ಲ, ಶೆಡ್ಡಿನ ಸಪ್ಪಳ. ಗಡಹಿಂಗ್ಲಜಕ್ಕ ನನ್ನ ತಮ್ಮನ ಹತ್ತೇಕ ಕರಕೊಂಡು ಹೋಗ್ತೇನಿ ಅಂದೆ. ಸೊಸಿ, "ಕೂಸಿನ್ನ ಕಳಸ್ತೇನಿ, ಆದ್ರ ನೀವು ಹೋದ್ರ ಅಕಿ ಬಾಯಿ ತಗೀತಾಳನ್ರಿ ಅತ್ತಿ?" ಅಂದ್ಲು. ಚುಚ್ಚಾಕ ಅಂದದ್ದಲ್ಲ ಅದು, ಹಂಗಾಗಿ ಸಿಟ್ಟು ಬರಲಿಲ್ಲ. ಆದ್ರ ಅಕಿ ನಾನಿಲ್ಲದ ಊಟಾ ಮಾಡಾಕಿ ಅಲ್ಲ. ಇಬ್ಬರೂ ಹೋದ್ವಿ, ನಿಪ್ಪಾಣಿ, ಸಂಕೇಶ್ವರ ದಾಟಿ.

ತಮ್ಮ ಇನ್ನೂ ಕುರಿ ಕಾಯ್ತಾನ. ಮುಂಗಾರ ಬರೂತನಕ ಅವನ ಹಿಂಡು ಊರ ಸುತ್ತ ಖಾಲಿ ಹೊಲದಾಗ ಇರತೈತಿ. ಕತಿ ಎಲ್ಲಾ ಕೇಳಿ ಅಂವ ಒಂದ ಉಪಾಯ ಹೇಳಿದ. ಅಕ್ಕಾ, ನೀ ಅಕಿಗೆ ಬೆನ್ನು ಮಾಡಿ ಕೂಡು, ಅಷ್ಟ. ಹೊಲದ ಬದುವಿನ ಮ್ಯಾಲ ಬೇವಿನ ಗಿಡದ ಕೆಳಗ ನಾ ಬೆನ್ನು ಮಾಡಿ ಕುಂತೆ. ಕೂಸು ಸುತ್ತಿ ಬಂದು ನನ್ನ ಮುಂದ ನಿಂತು ಕೈ ಬೀಸಿತು. ನಾ ತಿರಗಿ ಕುಂತೆ. ಅದು ಮತ್ತ ಸುತ್ತಿ ಬಂತು. ನಾ ಮತ್ತ ತಿರಗಿದೆ. ಮೊದಲ ದಿನ ಗಾಣದ ಎತ್ತಿನಂಗ ಗಿಡದ ಸುತ್ತ ತಿರಗಿದ್ದ ಆತು. ಇದು ಆಟ ಅಂತ ತಿಳಕೊಂಡು ಅದು ನಕ್ಕಿದ್ದ ನಕ್ಕಿದ್ದು. ತಮ್ಮ ದೂರಿಂದ ನೋಡಿ ಹತ್ತೇಕ ಬಂದು, ಕೂಸಿನ್ನ ತಯಾರ ಮಾಡಾಕ ಬಂದಿಯೋ, ನಿನ್ನ ಮೊಳಕಾಲು ತಯಾರ ಮಾಡಾಕ ಬಂದಿಯೋ ಅಂತ ಕೇಳಿದ.

ಎರಡನೇ ವಾರಕ್ಕ ಕೂಸು ನನ್ನ ಬಿಟ್ಟು ಕುರಿ ಹಿಂದ ಬಿತ್ತು. ತಮ್ಮ ಅದಕ್ಕ ಒಂದು ಸಣ್ಣ ಬಡಿಗಿ ಕೊಟ್ಟ, ಐದು ಮರಿ ತೋರಿಸಿ ಇವು ನಿನ್ನವು, ಇವಕ್ಕ ನೀನ ಮಾಲಕಿ ಅಂದ. ಪಕ್ಕದ ಹೊಲ ಜೈನರ ಗೌಡರದು, ಎಳೇ ಕಬ್ಬು ಮೊಳಕಾಲು ಎತ್ತರ ಬಂದಿತ್ತು. ಆ ಗೌಡ್ರು ಮಾತಿನಾಗ ಭಾಳ ಸಂಭಾವಿತರು, ಆದ್ರ ಕಬ್ಬಿಗೆ ಕುರಿ ಬಾಯಿ ಹಾಕಿದ್ರ ಆ ಸಂಭಾವಿತತನ ಉಳಿಯೂದಿಲ್ಲ. ಒಂದಿನ ಮಧ್ಯಾಹ್ನ ತಮ್ಮ ನೀರು ಕುಡ್ಯಾಕ ಬಾವಿಗೆ ಹೋಗಿದ್ದ. ನಾ ಬೆನ್ನು ಮಾಡಿ ಕುಂತು ಕುಂತು ಬ್ಯಾಸರಾಗಿ ಹೊಳ್ಳಿ ನೋಡಿದೆ. ಐದೂ ಮರಿ ಕಬ್ಬಿನ ಕಡೆ ಹೊಂಟಾವ, ಅವುಗಳ ಹಿಂದ ಕೂಸು ನಿಂತು ಕೈ ಬೀಸಾಕತ್ತೇತಿ. ಬಾ ಅಂತು, ಹೊಳ್ಳು ಅಂತು, ಶೇಟ ಬಂದಾನ ಅಂತ ಚಸ್ಮಾ ಸುದ್ದ ಸರಿಸಿತು. ಕುರಿ ಕೈ ನೋಡೂದಿಲ್ಲ. ಕುರಿಗೆ ನಿಮ್ಮ ಹಣಿ, ಗಲ್ಲ, ಬಳಿ ಏನೂ ತಿಳಿಯೂದಿಲ್ಲ. ಮರಿ ಮೊದಲ ಸಾಲಿಗೆ ಬಾಯಿ ಹಾಕಿದ್ವು.

ನಾ ಏಳಬೇಕು ಅಂದ್ರ ಮೊಳಕಾಲು ಏಳಗೊಡಲಿಲ್ಲ. ಕೂಸು ಎರಡೂ ಕೈ ಕೆಳಗ ಬಿಟ್ಟಿತು. ಕುತ್ತಿಗಿ ಮುಂದ ಚಾಚಿತು. ಬಾಯಿ ತೆಗೀತು, ಹಲ್ಲೆಲ್ಲಾ ಕಂಡ್ವು. ಏನ ಅಂತೋ ನನಗ ಕೇಳಲಿಲ್ಲ. ಆದ್ರ ಐದೂ ಮರಿ ತಲಿ ಎತ್ತಿದ್ವು. ಅತ್ತಕಡೆ ತಮ್ಮನ ಹಿಂಡು ಇಡೀದು ತಲಿ ಎತ್ತಿತು. ಬಾವಿ ಕಡೆಯಿಂದ ತಮ್ಮ ಓಡಿ ಬಂದ, ಯಾರಿಗೆ ಹಾವು ಕಡೀತು ಅಂತ ತಿಳಕೊಂಡು. ಮರಿ ಹೊಳ್ಳಿ ಬಂದ್ವು. ಕೂಸು ಬಡಿಗಿ ಹೆಗಲ ಮ್ಯಾಲ ಇಟಗೊಂಡು ಅವುಗಳ ಹಿಂದ ಬಂತು, ಹೊಲದ ಧಣಿ ಬಂದಂಗ.

ತಮ್ಮ ಹೇಳಿದ, "ಅಕ್ಕಾ, ನಮ್ಮಪ್ಪಂದ ದನಿ ಅದು. ಸತ್ತು ಮೂವತ್ತು ವರ್ಷಾದ ಮ್ಯಾಲ ಕೇಳಿದೆ."

ಇರಬಹುದು. ನಮ್ಮಪ್ಪನ ದನಿ ನನಗ ಅಷ್ಟ ನೆನಪಿಲ್ಲ, ಅಂವ ಸಾಲಿ ಬಿಡಿಸಿದ್ದು ನೆನಪೈತಿ. ಅವತ್ತಿಂದ ಕೂಸಿನ ಬಾಯಿ ನಿಂತಿದ್ದಿಲ್ಲ ಅಂತ ಎಲ್ಲಾರೂ ಹೇಳಿದ್ರು. ಮರಿಗಳನ್ನ ಬೈಯೂದು, ನಾಯಿನ್ನ ಬೈಯೂದು, ತಮ್ಮಗ ಹುಕುಂ ಮಾಡೂದು. ಕಡೀ ವಾರ ಸಾಕವ್ವಾ, ಈ ಕೂಸಿನ್ನ ಕರಕೊಂಡು ಹೋಗು, ನನ್ನ ಕುರಿ ನನ್ನ ಮಾತು ಕೇಳವಲ್ವು ಅಂದ.

ಜೂನದಾಗ ಸಾಲಿ ಶುರುವಾಗೂ ದಿನಾನ ತಪಾಸಣಿ ಇಟ್ಟಿದ್ರು. ಪಾಸ ಆದವರು ಅಲ್ಲೇ ಕೂಡೂದು, ಆಗಲಾರದವರು ಹೊಳ್ಳಿ ಅಂಗನವಾಡಿಗೆ. ಸೊಸಿ ಹೊಸ ಡಬ್ಬಿ ತಂದಿದ್ಲು, ನೀಲಿ ಫ್ರಾಕು ಹೊಲಿಸಿದ್ಲು. ತಾ ಬರಲಿಲ್ಲ. ನೀವ ಕರಕೊಂಡು ಹೋಗ್ರಿ, ನಂಗ ನೋಡಾಕ ಆಗೂದಿಲ್ಲ ಅಂದ್ಲು. ಮಶೀನಿನ ಮುಂದ ನಿಂತ್ಲು.

ನನ್ನ ಮತ್ತ ಬಾಗಲ ಹತ್ತೇಕ ಕುಂಡ್ರಿಸಿದ್ರು. ಮ್ಯಾಡಮ್ಮು ಶಾಣ್ಯಾಕಿ, ಈ ಸಲ ಖುರ್ಚಿ ವಾರಿ ಇಟ್ಟಿದ್ಲು, ಕೂಸಿನ ಮುಖಾ ನನಗೂ ಕಾಣೂವಂಗ. ಕೆಂಪು ಕಾರ್ಡು ಎತ್ತಿದಳು. ಕೂಸು ಬಾಯಿ ತೆಗೀತು. ಮ್ಯಾಡಮ್ಮಿನ ಕೈಯಾಗಿನ ಕಾರ್ಡು ಕೆಳಗ ಬಿತ್ತು. ಬಾಜೂ ಖೋಲ್ಯಾಗಿಂದ ಇನ್ನೊಬ್ಬ ಟೀಚರ ಬಾಯಿ ಬಂದು ಹಣಕಿ ಹಾಕಿದಳು. ಕಬ್ಬಿನ ಹೊಲದ ದನಿ ಅದು, ನಾಕು ಗೋಡಿ ನಡುವ ಬಂದು ನಿಂತಿತ್ತು. ಹೆಸರು, ಬಣ್ಣ, ಎಣಿಕಿ, ಒಂದೂ ಬಿಡಲಿಲ್ಲ. ನನಗ ಹ್ಯಾಂಗ ಗೊತ್ತು ಅಂದ್ರ, ಪ್ರತಿ ಸಲ ಬಾಯಿಲೆ ಹೇಳಿ ಆದ ಮ್ಯಾಲ ಕೂಸು ನನ್ನ ಕಡೆ ಹೊಳ್ಳಿ ಕೈಲೆ ಹೇಳತಿತ್ತು. ಹಣಿ ಮುಟ್ಟಿತು. ಗಲ್ಲ ತಿಕ್ಕಿತು. ಅಕಿಗೆ ಹೇಳಿದೆ, ನಿನಗೂ ಹೇಳತೇನಿ, ಇಬ್ಬರೂ ಕೇಳ್ರಿ ಅನ್ನೂವಂಗ.

ಮ್ಯಾಡಮ್ಮು ಟಿಕ್ಕು ಹಾಕಿದ್ದ ಹಾಕಿದ್ದು. ಒಂದಕ್ಕ ಮಾತ್ರ ಅಡ್ಡ ಗೀಟು ಹೊಡದು ನಕ್ಕಳು. ಹಳೂಕ ಮಾತಾಡೂದು ಅನ್ನೂ ಸಾಲಂತ ಅದು. ಅದು ಕಲಿಸೂದು ನನ್ನ ಕೆಲಸ ಬಿಡ್ರಿ ಅಂತ ನನ್ನ ಮುಂದ ಬಂದು, ತುಟಿ ಕಾಣೂವಂಗ ಹೇಳಿದಳು.

ಉಳಿದದ್ದು ಒಂದ ಸಾಲು. ಮನಿಯವರು ಬಿಟ್ಟು ಹೋದ್ರ ಅಳಬಾರದು. ಅದಕ್ಕ ಮನಿಯವರು ಹೋಗಬೇಕಲ್ಲ. ಮ್ಯಾಡಮ್ಮು ನನ್ನ ಕಡೆ ನೋಡಿದಳು. ನಾ ಏಳಲಿಲ್ಲ. ಮೊಳಕಾಲು ನೋಯ್ತಿತ್ತು, ಮತ್ತ ಅಂಗನವಾಡಿಯ ಎರಡು ತಾಸು ಬಿಟ್ರ ಐದು ವರ್ಷ ಆ ಕೂಸು ನನ್ನ ಕಣ್ಣ ಮುಂದಿಂದ ಎಲ್ಲೂ ಹೋಗಿದ್ದಿಲ್ಲ. ಸುತ್ತ ನಾಕೈದು ಹುಡುಗರು ಅವ್ವಂದಿರ ಸೆರಗು ಹಿಡದು ಅಳಾಕತ್ತಿದ್ವು, ಬಾಯಿ ದೊಡ್ಡದು ಮಾಡಿ, ನನಗ ಸಪ್ಪಳ ಇಲ್ಲದ. ನಮ್ಮದು ಖುರ್ಚಿಯಿಂದ ಇಳೀತು. ಚಪ್ಪಲಿ ಸಾಲಾಗಿ ಐತೋ ಇಲ್ಲೋ ಒಮ್ಮೆ ನೋಡಿತು. ನನ್ನ ಕಡೆ ಹೊಳ್ಳಿ ಎಡ ಹೆಗಲ ಜಾಡಿಸಿತು, ಬಲ ಹೆಗಲ ಜಾಡಿಸಿತು. ಹತ್ತಿ ಇಲ್ಲ, ಏನಿಲ್ಲ, ಹೊಸ ಫ್ರಾಕು. ಪಾಳಿ ಮುಗೀತು, ನೀ ಮನಿಗೆ ನಡಿ.

ಎದ್ದೆ, ನಡದೆ. ಮ್ಯಾಡಮ್ಮು ಟಿಕ್ಕು ಹಾಕಿದ್ದು ನೋಡೇ ಬಾಗಲಾ ದಾಟಿದೆ.

ಮನಿಗೆ ಬಂದು ಶೆಡ್ಡಿನ ಬಾಗಲಾಗ ನಿಂತೆ. ಸೊಸಿ ಕಾಂಡಿ ಹಚ್ಚಾಕತ್ತಿದ್ಲು, ನನ್ನ ಒಬ್ಬಾಕಿನ್ನ ನೋಡಿ ಕೈ ನಿಂತ್ವು. ನಾ ಮೂಗಿನ ತುದಿ ಎರಡು ಸಲ ಬಡಕೊಂಡೆ, ದೂರ ಇಚಲಕರಂಜಿ ಕಡೆ ಬೆರಳು ಮಾಡಿದೆ, ಕುಂತಾಳ ಅಂತ ಅಂಗೈ ಕೆಳಗ ಒತ್ತಿ ತೋರಿಸಿದೆ. ಅಕಿಗೆ ಅಷ್ಟ ಸಾಕಾಗಲಿಲ್ಲ, ಮತ್ತೊಮ್ಮೆ ತೋರಿಸ್ರಿ ಅಂದ್ಲು. ಮತ್ತೊಮ್ಮೆ ತೋರಿಸಿದೆ. ಆಮ್ಯಾಲ ಅಕಿ ಮುಖಾ ಮಶೀನಿನ ಕಡೆ ತಿರಗಿಸಿಕೊಂಡು ಏನೋ ಅಂದ್ಲು. ತುಟಿ ಕಾಣಲಿಲ್ಲ, ತಿಳೀಲಿಲ್ಲ. ಕಿವಿಗೆ ಹಾಕೂ ಮಶೀನಿನ ಚೀಟಿ ಡಾಕ್ಟರ ಕೊಟ್ಟಾನ, ಮಗ ತರೋಣು ಅಂತಾನ. ಇಷ್ಟು ವರ್ಷ ಸೊಸಿ ಹಿಂದಿನಿಂದ ಏನೇನ ಅಂದಾಳೋ ಯಾವದೂ ಕೇಳಿಲ್ಲ, ಮನಿ ನೆಟ್ಟಗ ನಡದೈತಿ, ಈಗ ಯಾಕ ಅಂತ ನಾ ಬ್ಯಾಡ ಅಂದೇನಿ.